ತೋಮನ ಮಾರ್ಗ, ಪೇತ್ರನ ಮಾರ್ಗ

ದೇವರ ಅನುಗ್ರಹವು ಮನುಷ್ಯನಿಗೆ ಶ್ರದ್ಧೆಯಿಂದ ಬರುವುದೋ, ಶಾಸ್ತ್ರವಿಧಿಗಳ ಪಾಲನೆಯಿಂದ ಬರುವುದೋ ಎಂಬ ಜಿಜ್ಞಾಸೆಯು ಕನ್ನಡಿಗರಿಗೆ ಹೊಸದಲ್ಲ. ಮರ್ಕಟನ್ಯಾಯ ಮಾರ್ಜಾಲನ್ಯಾಯಗಳೆಂಬ ಹೆಸರಿನಲ್ಲಿ ಶ್ರೀವೈಷ್ಣವ ಆಚಾರ್ಯರು ನಡೆಸಿದ ವಾದವನ್ನು ನಮ್ಮ ಹಿರಿಯರು ಮನೆಯ ಜಗಲಿಯಲ್ಲಿಯೇ ಕೇಳಿ ಬಲ್ಲವರು. ಮರಿಯು ತಾಯಿಯನ್ನು ಹಿಡಿದುಕೊಳ್ಳಬೇಕೋ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಹೋಗುವಳೋ ಎಂಬುದು ಅದರ ತಿರುಳು. ಕ್ರೈಸ್ತಧರ್ಮದಲ್ಲಿ ಈ ಪ್ರಶ್ನೆಯು ಸಂತ ಪೌಲನಷ್ಟು ಹಳೆಯದು. ಕನ್ನಡ ಬೈಬಲಿನಲ್ಲಿ ‘ಧರ್ಮಶಾಸ್ತ್ರ’ವೆಂಬ ಮಾತು ಯೆಹೂದ್ಯರ ವಿಧಿಗಳಿಗೆ ಸಂದಿದೆ. ಅನುಗ್ರಹಕ್ಕೆ ಪ್ರಾಟೆಸ್ಟಂಟರು ‘ಕೃಪೆ’ ಎನ್ನುತ್ತಾರೆ, ಕಥೋಲಿಕರು ‘ವರಪ್ರಸಾದ’ ಎನ್ನುತ್ತಾರೆ. ಒಂದೇ ಅರ್ಥಕ್ಕೆ ಎರಡು ಮಾತುಗಳು ಹುಟ್ಟಿದುದರ ಹಿಂದೆಯೂ ಒಂದು ಚರಿತ್ರೆಯುಂಟು.

ಈ ಪ್ರಶ್ನೆಯು ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ತಳೆದ ರೂಪವು ಯುರೋಪಿನದಕ್ಕಿಂತ ಭಿನ್ನವಾದುದು. ಅಲ್ಲಿ 1517ರಲ್ಲಿ ಲೂಥರನು ಎತ್ತಿದ ಪ್ರಶ್ನೆಯು ವ್ಯಕ್ತಿಯ ಆತ್ಮಕ್ಕೆ ಸಂಬಂಧಿಸಿತ್ತು. ಇಲ್ಲಿಯಾದರೋ ಇಡಿಯ ಒಂದು ಸಮುದಾಯವು, ತಾನು ತಲೆಬಾಗಬೇಕಾದ ಶಾಸ್ತ್ರ ಯಾರದು, ಆ ಶಾಸ್ತ್ರವನ್ನು ಮೀರಿದರೆ ಅನುಗ್ರಹದ ಹರಿವು ನಿಂತುಹೋಗುವುದೇ ಎಂದು ಕೇಳಿಕೊಂಡಿತು. ಕೊಚ್ಚಿಯ ನೆರೆಯಲ್ಲಿ ಹುಟ್ಟಿದ ಈ ಪ್ರಶ್ನೆಯು ಮುಂದೆ ತಿರುವನಂತಪುರದ ನ್ಯಾಯಾಲಯಗಳನ್ನು ಹತ್ತಿ, ಅಲ್ಲಿಂದ ದೆಹಲಿಯವರೆಗೂ ಹೋಗಿದೆ.

ಅಪೋಸ್ತಲನಾದ ತೋಮನು ಕ್ರಿ. ಶ. 52ರಲ್ಲಿ ಕೊಡುಂಗಲ್ಲೂರಿಗೆ ಬಂದನೆಂಬುದು ಈ ಜನರ ಐತಿಹ್ಯ. ಅದು ಹೇಗೇ ಇರಲಿ, ಒಂಬತ್ತನೆಯ ಶತಮಾನದ ಕೊಲ್ಲಂ ತಾಮ್ರಶಾಸನಗಳ ಕಾಲಕ್ಕಾಗಲೇ ಇಲ್ಲಿ ಪ್ರತಿಷ್ಠಿತವಾದ ಕ್ರೈಸ್ತ ಸಮಾಜವಿದ್ದುದು ನಿಸ್ಸಂದೇಹ. ಅವರ ಬಿಷಪ್ಪರು ಮೆಸೊಪೊಟೇಮಿಯದ ಪೂರ್ವ ಸುರಿಯಾನಿ ಸಭೆಯಿಂದ ಬರುತ್ತಿದ್ದರು. ಪೂಜೆಯ ಭಾಷೆ ಸುರಿಯಾನಿ, ಮನೆಯ ಭಾಷೆ ಮಲೆಯಾಳ. ಲೌಕಿಕದ ಆಡಳಿತವೆಲ್ಲ ‘ಅರ್ಕದಿಯಾಕೋನ್’ ಎಂಬ ಸ್ಥಳೀಯ ಮುಖ್ಯಸ್ಥನ ಕೈಯಲ್ಲಿತ್ತು. ತಮ್ಮ ಆಚಾರವಿಚಾರಗಳ ಸಮಸ್ತವನ್ನೂ ಅವರು ‘ಮಾರ್ ತೋಮನ ಮಾರ್ಗ’ವೆಂದು ಕರೆದುಕೊಂಡರು. ಕವಿರಾಜಮಾರ್ಗವನ್ನು ಓದಿದ ನಮಗೆ ‘ಮಾರ್ಗ’ ಶಬ್ದದ ವ್ಯಾಪ್ತಿಯನ್ನು ವಿವರಿಸಬೇಕಾಗಿಲ್ಲ. ಪೋರ್ಚುಗೀಸರು ಅದನ್ನು ‘ಲೇಯ್’, ಎಂದರೆ ಶಾಸನವೆಂದು ಭಾಷಾಂತರಿಸಿಕೊಂಡರು. ನಡೆವ ದಾರಿಯು ವಿಧಿಸಿದ ಕಟ್ಟಳೆಯಾಗಿ ಕಂಡಿತು. ಮುಂದಿನ ಅನರ್ಥಗಳಲ್ಲಿ ಅರ್ಧಪಾಲು ಈ ಭಾಷಾಂತರದಿಂದ ಹುಟ್ಟಿತೆಂದು ನನ್ನ ಅಭಿಪ್ರಾಯ.

1597ರಲ್ಲಿ ಕೊನೆಯ ಕಲ್ದಾಯ ಬಿಷಪ್ಪನಾದ ಮಾರ್ ಅಬ್ರಹಾಂ ಅಂಗಮಾಲಿಯಲ್ಲಿ ತೀರಿಕೊಂಡನು. ಗೋವೆಯ ಆರ್ಚ್‌ಬಿಷಪ್ ಅಲೇಶೊ ದ ಮೆನೇಜೆಸ್ ಎಂಬ ಅಗಸ್ಟೀನ್ ಪಂಥದ ಸನ್ಯಾಸಿಯು 1599ರ ಆರಂಭದಲ್ಲಿ ಕೊಚ್ಚಿಗೆ ಬಂದಿಳಿದು, ಊರೂರು ತಿರುಗಿ, ಹೊಸದಾಗಿ ಅನೇಕ ಪಾದ್ರಿಗಳಿಗೆ ದೀಕ್ಷೆ ಕೊಟ್ಟು, ತನ್ನ ಪಕ್ಷವನ್ನು ಬಲಪಡಿಸಿಕೊಂಡನು. ಅದೇ ವರ್ಷ ಜೂನ್ 20ರಿಂದ 26ರವರೆಗೆ ಕೊಚ್ಚಿಯ ದಕ್ಷಿಣಕ್ಕಿರುವ ಉದಯಂಪೇರೂರಿನ ಇಗರ್ಜಿಯಲ್ಲಿ ಮಹಾಸಭೆ ಸೇರಿತು. ಪಾದ್ರಿಗಳೂ ಗೃಹಸ್ಥ ಪ್ರತಿನಿಧಿಗಳೂ ಕೂಡಿ ನೆರೆದವರ ಸಂಖ್ಯೆ ಎಂಟುನೂರನ್ನು ಮೀರಿತ್ತು. ಸುರಿಯಾನಿ ಮಾತಿನಿಂದ ಬಂದ ‘ಸೂನಹದೋಸ್’ ಎಂಬ ಹೆಸರಿನಿಂದಲೇ ಅದು ಅಲ್ಲಿ ಇಂದಿಗೂ ಪ್ರಸಿದ್ಧವಾಗಿದೆ. ನಿರ್ಣಯಗಳು ಮೊದಲೇ ಪೋರ್ಚುಗೀಸಿನಲ್ಲಿ ಸಿದ್ಧವಾಗಿದ್ದುವು. ಅವುಗಳನ್ನು ಮಲೆಯಾಳದಲ್ಲಿ ಓದಿ ಹೇಳಲಾಯಿತು, ಸಭೆ ಒಪ್ಪಿತು. ಚರ್ಚೆಗಿಂತ ಒಪ್ಪಿಗೆಯೇ ಹೆಚ್ಚು ಎಂಬುದು ದಾಖಲೆಗಳನ್ನು ನೋಡಿದವರಿಗೆ ತಿಳಿಯದೆ ಇರದು. ಈ ‘ಕಾನೋನ’ಗಳ ಮಲೆಯಾಳ ಪಾಠವು ಆ ಭಾಷೆಯ ಆದಿಕಾಲದ ಗದ್ಯಕ್ಕೆ ಬೆಲೆಯುಳ್ಳ ಸಾಕ್ಷಿಯಾಗಿ ಉಳಿದಿದೆಯೆಂಬುದನ್ನು ಭಾಷಾಶಾಸ್ತ್ರದ ಆಸಕ್ತರು ಗಮನಿಸಬಹುದು.

ಮೂರನೆಯ ಅಧಿವೇಶನದಲ್ಲಿ ಬರುವ ಒಂದು ನಿರ್ಣಯವು ನಮ್ಮ ವಿಷಯಕ್ಕೆ ಕೇಂದ್ರವಾದುದು. ತೋಮನ ಶಾಸನ ಬೇರೆ, ಪೇತ್ರನ ಶಾಸನ ಬೇರೆ, ಒಂದಕ್ಕೆ ಮತ್ತೊಂದರ ಮೇಲೆ ಅಧಿಕಾರವಿಲ್ಲವೆಂಬ ಭಾವನೆಯು ಪಾಷಂಡವೆಂದು ಅದು ಸಾರಿತು. ಕ್ರಿಸ್ತನ ಶಾಸನ ಒಂದೇ. ಅದರ ಪಾಲಕನು ಪೇತ್ರನ ಪೀಠದಲ್ಲಿ ಕುಳಿತ ಪೋಪನು. ಸುರಿಯಾನಿ ಗ್ರಂಥಗಳನ್ನು ತಿದ್ದುವುದಕ್ಕಾಗಿಯೋ ಸುಡುವುದಕ್ಕಾಗಿಯೋ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಆ ಬೆಂಕಿಯಲ್ಲಿ ಹೋದುದೇನೆಂಬುದನ್ನು ಇಂದು ಹೆಚ್ಚಾಗಿ ನಿಷೇಧದ ಪಟ್ಟಿಯಿಂದಲೇ ತಿಳಿಯಬೇಕಾಗಿರುವುದು ವಿದ್ವಾಂಸರ ದುರ್ದೈವ.

ಇದರ ಹಿಂದಿನ ತರ್ಕವನ್ನು ನ್ಯಾಯವಾಗಿ ನೋಡಬೇಕು. ಲೂಥರನಿಗೆ ಉತ್ತರವಾಗಿ ಟ್ರೆಂಟಿನ ಮಹಾಸಭೆಯು 1547ರಲ್ಲಿ ಅನುಗ್ರಹದ ಸಿದ್ಧಾಂತವನ್ನು ನಿರ್ಣಯಿಸಿತ್ತು. ವರಪ್ರಸಾದವು ದೇವರ ದಾನವೇ ಹೌದು, ಮನುಷ್ಯನ ಗಳಿಕೆಯಲ್ಲ. ಆದರೆ ಅದು ಏಳು ಸಂಸ್ಕಾರಗಳ ಮೂಲಕ ಹರಿದುಬರುತ್ತದೆ. ಸಂಸ್ಕಾರವು ಕ್ರಮಬದ್ಧವಾಗಿರಬೇಕಾದರೆ ಪಾದ್ರಿಯ ದೀಕ್ಷೆ ಕ್ರಮಬದ್ಧವಾಗಿರಬೇಕು, ಅದಕ್ಕೆ ಬಿಷಪ್ಪನ ಅಧಿಕಾರ ಕ್ರಮಬದ್ಧವಾಗಿರಬೇಕು. ಹೀಗೆ ಶಾಸನವು ಕೃಪೆಗೆ ಕಾಲುವೆಯಾಯಿತು. ಮೆನೇಜೆಸನು ಅಧಿಕಾರದಾಹಿಯೆಂದು ಬರೆಯುವುದು ಸುಲಭ. ಆತನು ಅದರೊಂದಿಗೆ, ಈ ಜನರ ಕಾಲುವೆ ಒಡೆದಿದೆ, ಇವರ ಆತ್ಮಗಳು ಬತ್ತುತ್ತಿವೆ ಎಂದು ನಿಜವಾಗಿಯೂ ನಂಬಿದ್ದನು.

ಉಳಿದ ನಿರ್ಣಯಗಳಲ್ಲಿ ಕೆಲವು ಸಮಾಜಶಾಸ್ತ್ರದ ದೃಷ್ಟಿಯಿಂದ ಸ್ವಾರಸ್ಯವಾಗಿವೆ. ವಿವಾಹಿತರಾದ ಪಾದ್ರಿಗಳು ಪತ್ನಿಯರನ್ನು ಬಿಡಬೇಕು. ಕೀಳುಜಾತಿಯವರನ್ನು ಮುಟ್ಟಿದರೆ ಮೈಲಿಗೆಯೆಂದು ಸ್ನಾನ ಮಾಡಬಾರದು. ಓಣಂ ಉತ್ಸವಗಳಲ್ಲಿ ಸೇರಬಾರದು. ಜ್ಯೋತಿಷಿಗಳ ಬಳಿ ಮುಹೂರ್ತ ಕೇಳಬಾರದು. ಸಂಸ್ಕಾರಗಳಿಗೆ ದಕ್ಷಿಣೆ ಗೊತ್ತುಮಾಡಬಾರದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಸಲ್ಲಬೇಕು. ಇವುಗಳಲ್ಲಿ ಕಡೆಯದು ಕಾಗದದ ಮೇಲೆಯೇ ಉಳಿಯಿತು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಶಾಸನವು ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಕಡಮೆಯಾದುದನ್ನು ಗೊತ್ತುಮಾಡಿತು. ಮೇರಿ ರಾಯ್ ಎಂಬ ಮಹಿಳೆಯು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ತೀರ್ಪು ಪಡೆಯುವವರೆಗೆ ಆ ಕಟ್ಟು ಸಡಿಲಲಿಲ್ಲ. ಶಾಸ್ತ್ರಪಾಲನೆಯ ಮಾತು ಬಂದಾಗ ಯಾವ ವಿಧಿಯನ್ನು ಜನ ಪ್ರಾಣಕೊಟ್ಟು ಕಾಯುತ್ತಾರೆ, ಯಾವುದನ್ನು ಸದ್ದಿಲ್ಲದೆ ಮರೆಯುತ್ತಾರೆ ಎಂಬುದೂ ವಿಚಾರಾರ್ಹವೇ.

ಅರ್ಧ ಶತಮಾನ ಒಳಗೊಳಗೇ ಕುದಿದ ಅಸಮಾಧಾನವು 1653ರಲ್ಲಿ ಉಕ್ಕಿತು. ಹಿಂದಿನ ವರ್ಷ ಅಹತಲ್ಲಾ ಎಂಬ ಸುರಿಯಾನಿ ಬಿಷಪ್ಪನು ಮೈಲಾಪುರಕ್ಕೆ ಬಂದು, ಪೋರ್ಚುಗೀಸರ ಸೆರೆಯಲ್ಲಿ ಸಿಕ್ಕಿದ್ದನು. ಆತನನ್ನು ಗೋವೆಗೆ ಒಯ್ಯುವ ಹಡಗು ಕೊಚ್ಚಿಯ ಬಂದರಿಗೆ ಬಂದಾಗ ಸಾವಿರಾರು ಸುರಿಯಾನಿಗಳು ನೆರೆದು, ಆತನನ್ನು ಒಮ್ಮೆ ಕಾಣಗೊಡಿರೆಂದು ಬೇಡಿದರು. ಕಾಣಗೊಡಲಿಲ್ಲ. ಆತನನ್ನು ಕಡಲಿಗೆ ಎಸೆದರೆಂಬ ಸುದ್ದಿ ಹಬ್ಬಿತು. ಆತನು ಯುರೋಪಿಗೆ ಒಯ್ಯಲ್ಪಟ್ಟು 1654ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನೆಂಬುದು ನಂತರದ ಸಂಶೋಧನೆಯಿಂದ ತಿಳಿದುಬಂದ ಸಂಗತಿ. ಆದರೆ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಸೇರಿದ ಜನರಿಗೆ ಅದು ತಿಳಿದಿರಲಿಲ್ಲ. ಆರ್ಚ್‌ಬಿಷಪ್ ಗಾರ್ಸಿಯನಿಗೂ ಜೆಸುಯಿಟರಿಗೂ ಇನ್ನು ವಿಧೇಯರಾಗುವುದಿಲ್ಲವೆಂದು ಅವರು ಪ್ರತಿಜ್ಞೆ ಮಾಡಿದರು. ಎಲ್ಲರ ಕೈಗೂ ನಿಲುಕದೆ ಹೊರಗಿನ ಕಲ್ಲಿನ ಶಿಲುಬೆಗೆ ಹಗ್ಗ ಕಟ್ಟಿ ಹಿಡಿದರೆಂದೂ ಆ ಸೆಳೆತಕ್ಕೆ ಶಿಲುಬೆ ಬಾಗಿತೆಂದೂ ಕಥೆಯಿದೆ. ‘ಕೂನನ್ ಕುರಿಶು’, ಎಂದರೆ ಗೂನು ಶಿಲುಬೆ, ಎಂಬ ಹೆಸರು ಹೀಗೆ ಬಂದಿತು. ಸಮಕಾಲೀನ ಪತ್ರಗಳಾದರೋ ಇಗರ್ಜಿಯ ಒಳಗೆ ಶಿಲುಬೆಯ ಮುಂದೆ ದೀಪ ಹಚ್ಚಿ ಮಾಡಿದ ಪ್ರಮಾಣವನ್ನು ಹೇಳುತ್ತವೆ. ಹಗ್ಗದ ಕಥೆಯು ಆಮೇಲಿನದು.

ಇದು ಪೋಪನ ವಿರುದ್ಧವೇ ಮಾಡಿದ ಪ್ರತಿಜ್ಞೆಯೋ, ಜೆಸುಯಿಟರ ವಿರುದ್ಧ ಮಾತ್ರವೋ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ಎರಡನೆಯದೇ ಸರಿಯೆಂದು ನನಗೆ ತೋರುತ್ತದೆ. ರೋಮಿನಿಂದ ಜೆಸುಯಿಟರಲ್ಲದ ಕಾರ್ಮೆಲೈಟ್ ಸನ್ಯಾಸಿಗಳು ಬಂದೊಡನೆಯೇ ಹೆಚ್ಚಿನವರು ಹಿಂದಿರುಗಿದುದಕ್ಕೆ ಬೇರೆ ವಿವರಣೆ ಸಿಕ್ಕುವುದು ಕಷ್ಟ. 116 ಇಗರ್ಜಿಗಳಲ್ಲಿ 84 ಮರಳಿದುವು, 32 ಹೊರಗುಳಿದುವು ಎಂಬುದು ಗ್ರಂಥಗಳಲ್ಲಿ ರೂಢಿಯಾಗಿರುವ ಲೆಕ್ಕ.

ಹೊರಗುಳಿದವರ ಕಥೆಯೇ ನಮಗೆ ಹೆಚ್ಚು ಮುಖ್ಯವಾದುದು. ಅದೇ ವರ್ಷ ಮೇ 22ರಂದು ಆಲಂಗಾಡಿನಲ್ಲಿ ಹನ್ನೆರಡು ಮಂದಿ ಪಾದ್ರಿಗಳು ಅರ್ಕದಿಯಾಕೋನ್ ತೋಮನ ತಲೆಯ ಮೇಲೆ ಕೈಯಿಟ್ಟು ಆತನನ್ನು ಬಿಷಪ್ಪನನ್ನಾಗಿ ಮಾಡಿದರು. ಅಹತಲ್ಲಾ ಅನುಮತಿ ಕೊಟ್ಟಿರುವನೆಂದು ಒಂದು ಪತ್ರವನ್ನು ಓದಲಾಯಿತು. ಆದರೆ ಬಿಷಪ್ಪನನ್ನು ಬಿಷಪ್ಪನೇ ಮಾಡಬೇಕೆಂಬುದು ಪೂರ್ವದಲ್ಲಾಗಲಿ ಪಶ್ಚಿಮದಲ್ಲಾಗಲಿ ಎಲ್ಲ ಪ್ರಾಚೀನ ಸಭೆಗಳ ನಿಯಮ. ಪೇತ್ರನ ಶಾಸನವನ್ನು ಒಲ್ಲೆವೆಂದವರ ಮನಸ್ಸನ್ನು ಈಗ ಶಾಸನವೇ ಕೊರೆಯತೊಡಗಿತು. ಈ ತೋಮನಿಂದ ದೀಕ್ಷೆ ಪಡೆದ ಪಾದ್ರಿಯು ಕೊಟ್ಟ ರೊಟ್ಟಿಯು ಪ್ರಸಾದವೋ, ಬರಿಯ ರೊಟ್ಟಿಯೋ? ಆತನಿಂದ ಪಾಪವಿಮೋಚನೆ ಹೊಂದಿ ಸತ್ತವನ ಗತಿಯೇನು? ಪಂಡಿತರ ಪ್ರಶ್ನೆಗಳೆಂದು ಇವನ್ನು ತಳ್ಳಿಬಿಡುವಂತಿಲ್ಲ. ಮನೆಮನೆಯಲ್ಲಿ ಮರಣಶಯ್ಯೆಯ ಬಳಿ ಎದ್ದು ನಿಲ್ಲುವ ಪ್ರಶ್ನೆಗಳು ಅವು. ಕಾರ್ಮೆಲೈಟರು ಊರೂರಿನಲ್ಲಿ ಎತ್ತಿದುದು ಇವನ್ನೇ, ಜನ ಮರಳಿದುದೂ ಬಹುಮಟ್ಟಿಗೆ ಇವಕ್ಕೆ ಅಂಜಿಯೇ. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದು ಪೋರ್ಚುಗೀಸರ ಬಲ ಮುರಿದಾಗಲೂ ಈ ಅಂಜಿಕೆ ಮುರಿಯಲಿಲ್ಲ. 1665ರಲ್ಲಿ ಜೆರೂಸಲೇಮಿನ ಮಾರ್ ಗ್ರಿಗೋರಿಯೋಸನು ಬಂದಾಗ ತೋಮನ ಪಕ್ಷದವರು ಆತನನ್ನು ಆದರದಿಂದ ಬರಮಾಡಿಕೊಂಡರು. ಆತನು ಅಂತಿಯೋಕ್ಯದ ಪಶ್ಚಿಮ ಸುರಿಯಾನಿ ಸಭೆಯವನು. ಹಿಂದಿನ ಬಿಷಪ್ಪರ ಪೂರ್ವ ಸುರಿಯಾನಿ ಸಭೆಗೂ ಅದಕ್ಕೂ ಕ್ರಿಸ್ತನ ಸ್ವಭಾವದ ವಿಷಯದಲ್ಲಿ ಸಾವಿರ ವರ್ಷಗಳ ವೈರ. ಮಲೆಯಾಳದ ಜನರಿಗೆ ಆ ವೈರವು ದೊಡ್ಡದಾಗಿ ಕಾಣಲಿಲ್ಲ. ಅವರಿಗೆ ಬೇಕಾಗಿದ್ದುದು ‘ಕೈವೆಪ್ಪು’, ಅಪೋಸ್ತಲರಿಂದ ಕಡಿಯದೆ ಬಂದ ಕೈಯ ಸ್ಪರ್ಶ.

ಹತ್ತೊಂಬತ್ತನೆಯ ಶತಮಾನದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಆಂಗ್ಲ ಮಿಷನರಿಗಳ ಸಂಪರ್ಕದಿಂದ ಮಾರಾಮಣ್ಣಿನ ಅಬ್ರಹಾಂ ಮಲ್ಪಾನನು ಸಂತರ ಮೊರೆಯನ್ನೂ ಸತ್ತವರಿಗಾಗಿ ಮಾಡುವ ಪ್ರಾರ್ಥನೆಯನ್ನೂ ಬಿಟ್ಟು, ಪೂಜೆಯನ್ನು ಮಲೆಯಾಳದಲ್ಲಿ ನಡೆಯಿಸಿದನು. ಶ್ರದ್ಧೆಯೊಂದರಿಂದಲೇ ಕೃಪೆಯೆಂಬ ಲೂಥರನ ಮಾತು ಹೀಗೆ ಸುರಿಯಾನಿ ನಿಲುವಂಗಿಯನ್ನು ತೊಟ್ಟು ಬಂದಿತು. ಆ ಸುಧಾರಕರ ಮೊಕದ್ದಮೆಯು ತಿರುವಾಂಕೂರಿನ ರಾಜನ್ಯಾಯಾಲಯದಲ್ಲಿ 1889ರಲ್ಲಿ ತೀರ್ಮಾನವಾಯಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು, ಅಂತಿಯೋಕ್ಯದ ಪಾತ್ರಿಯಾರ್ಕನ ಅಭಿಷೇಕವಿಲ್ಲದವನಿಗೆ ಪೀಠವಿಲ್ಲವೆಂದರು. ಸೋತವರು ಹೊರಬಂದು ಮಾರ್ ತೋಮ ಸಭೆಯೆಂದು ನೆಲೆಗೊಂಡರು.

ಇನ್ನು ‘ವಟ್ಟಿಪ್ಪಣ’ದ ಕಥೆ. ವಟ್ಟಿಯೆಂದರೆ ಬಡ್ಡಿ. ಬ್ಯಾಂಕಿನ ಉದ್ಯೋಗದಲ್ಲಿರುವ ಈ ಲೇಖಕನು ಇಲ್ಲಿ ತುಸು ನಿಂತರೆ ವಾಚಕರು ಮನ್ನಿಸಬೇಕು. 1808ರಲ್ಲಿ ರೆಸಿಡೆಂಟ್ ಕರ್ನಲ್ ಮೆಕಾಲೆಯ ಕಾಲದಲ್ಲಿ ಮಲಂಕರ ಸಭೆಯ ಹೆಸರಿನಲ್ಲಿ 3,000 ನಕ್ಷತ್ರವರಹಗಳನ್ನು ಈಸ್ಟ್ ಇಂಡಿಯ ಕಂಪೆನಿಯಲ್ಲಿ ನೂರಕ್ಕೆ ಎಂಟರ ಶಾಶ್ವತ ಬಡ್ಡಿಗೆ ಇಡಲಾಯಿತು. ವರಹಕ್ಕೆ ಮೂರೂವರೆ ರೂಪಾಯಿಯಂತೆ ಅಸಲು 10,500 ರೂಪಾಯಿ, ವರ್ಷದ ಬಡ್ಡಿ 840 ರೂಪಾಯಿ. ಅಸಲನ್ನು ಹಿಂದಕ್ಕೆ ಪಡೆಯುವಂತಿಲ್ಲ. ಬಡ್ಡಿಯನ್ನು ಮಾತ್ರ ಸಭೆಯ ನ್ಯಾಯವಾದ ಮುಖ್ಯಸ್ಥನಿಗೆ ಸಲ್ಲಿಸತಕ್ಕದ್ದು. ಖಾತೆಯನ್ನು ನೋಡಿದರೆ ಇದಕ್ಕಿಂತ ಸರಳವಾದ ವ್ಯವಹಾರವಿಲ್ಲ. ಆದರೆ ನ್ಯಾಯವಾದ ಮುಖ್ಯಸ್ಥನು ಯಾರು?

1911ರಲ್ಲಿ ಪಾತ್ರಿಯಾರ್ಕ್ ಅಬ್ದುಲ್ಲನು ವಟ್ಟಶ್ಶೇರಿಲ್ ಮಾರ್ ದಿವನ್ನಾಸಿಯೋಸನನ್ನು ಸಭೆಯಿಂದ ಬಹಿಷ್ಕರಿಸಿದನು. ಲೌಕಿಕ ವಿಷಯಗಳಲ್ಲಿಯೂ ಪಾತ್ರಿಯಾರ್ಕನ ಅಧಿಕಾರವನ್ನು ಬರೆದುಕೊಡಲು ಆತನು ಒಪ್ಪಲಿಲ್ಲವೆಂಬುದು ಮೂಲಕಾರಣ. ಮರುವರ್ಷ ಅಬ್ದುಲ್ ಮೆಸೀಹನೆಂಬ ಇನ್ನೊಬ್ಬ ಪಾತ್ರಿಯಾರ್ಕನು ಬಂದು ನಿರಣದಲ್ಲಿ ಕಾತೋಲಿಕೋಸರ ಪೀಠವನ್ನು ಸ್ಥಾಪಿಸಿದನು. ಈತನಿಗೆ ತುರ್ಕಿಯ ಸುಲ್ತಾನನು ಕೊಟ್ಟಿದ್ದ ಫರ್ಮಾನು ಮೊದಲೇ ರದ್ದಾಗಿತ್ತು. ಸುಲ್ತಾನನು ಫರ್ಮಾನನ್ನು ಹಿಂದಕ್ಕೆ ಪಡೆದರೆ ದೇವರೂ ವರವನ್ನು ಹಿಂದಕ್ಕೆ ಪಡೆಯುವನೆ? ಇದನ್ನು ಬಗೆಹರಿಸಬೇಕಾದವರು ತಿರುವನಂತಪುರದ ನ್ಯಾಯಾಧೀಶರು. ಬಡ್ಡಿ ಯಾರಿಗೆ ಕೊಡಬೇಕೆಂದು ತಿಳಿಯದೆ ಸರಕಾರವು 1913ರಲ್ಲಿ ಅಲ್ಲಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. ಹದಿಮೂರನೆಯ ಶತಮಾನದ ಬಾರ್ ಹೆಬ್ರಾಯನ ‘ಹೂದಾಯ ಕಾನೋನ’ ಎಂಬ ಧರ್ಮಸಂಹಿತೆಯ ಪಾಠಭೇದಗಳನ್ನು ಹಿಡಿದು, ಯಾವುದು ಸಾಚಾ, ಪಾತ್ರಿಯಾರ್ಕನ ಅಧಿಕಾರದ ಮೇರೆ ಯಾವುದು ಎಂದು ವಕೀಲರು ವರ್ಷಗಟ್ಟಲೆ ವಾದಿಸಿದರು. 1919ರಲ್ಲಿ ದಿವನ್ನಾಸಿಯೋಸನ ಪರ, 1923ರಲ್ಲಿ ಹೈಕೋರ್ಟಿನಲ್ಲಿ ವಿರುದ್ಧ, ಮರುವಿಚಾರಣೆಯ ಮೇಲೆ 1928ರಲ್ಲಿ ಮತ್ತೆ ಪರವಾಗಿ ತೀರ್ಪಾಯಿತು. ಆಪಾದನೆಯನ್ನು ತಿಳಿಸದೆ, ಉತ್ತರವನ್ನು ಕೇಳದೆ ಬಹಿಷ್ಕರಿಸುವುದು ಸಹಜನ್ಯಾಯಕ್ಕೆ ವಿರೋಧವೆಂಬ ಆಧಾರದ ಮೇಲೆ ಬಹಿಷ್ಕಾರವು ಅಸಿಂಧುವಾಯಿತು. ವರ್ಷಕ್ಕೆ 840 ರೂಪಾಯಿ ಬರುವ ಖಾತೆಗಾಗಿ ಹದಿನೈದು ವರ್ಷಗಳ ವ್ಯಾಜ್ಯವೆಂದು ನಗುವವರುಂಟು. ಆ ಹಣವನ್ನು ಪಡೆಯುವ ರಸೀತಿಗೆ ಯಾರ ಸಹಿ ಸಲ್ಲುವುದೋ ಆತನ ಕೈಯಿಂದಲೇ ಲಕ್ಷಾಂತರ ಜನರು ತಮ್ಮ ಮಕ್ಕಳ ದೀಕ್ಷಾಸ್ನಾನಕ್ಕೂ ಹಿರಿಯರ ಅಂತ್ಯವಿಧಿಗೂ ಸಿಂಧುತ್ವವನ್ನು ನಿರೀಕ್ಷಿಸುತ್ತಿದ್ದರೆಂಬುದನ್ನು ಅವರು ಮರೆಯುತ್ತಾರೆ. ವ್ಯಾಜ್ಯವು ಅಲ್ಲಿಗೂ ಮುಗಿಯಲಿಲ್ಲ. ಸುಪ್ರೀಂ ಕೋರ್ಟು 1958ರಲ್ಲಿ, 1995ರಲ್ಲಿ, ಮತ್ತೆ 2017ರಲ್ಲಿ ಇದೇ ಮನೆತನದ ಜಗಳವನ್ನು ವಿಚಾರಿಸಬೇಕಾಯಿತು.

ಈ ವ್ಯಾಜ್ಯದ ದಿನಗಳಲ್ಲಿ ದಿವನ್ನಾಸಿಯೋಸನ ಬಲಗೈಯಂತಿದ್ದವರು ಪಿ. ಟಿ. ಗೀವರ್ಗೀಸ್ ಎಂಬ ಪಾದ್ರಿಗಳು. ಎಂ. ಎ. ಪದವೀಧರರಾದ್ದರಿಂದ ‘ಎಂ. ಎ. ಅಚ್ಚನ್’ ಎಂದು ಹೆಸರಾದವರು. 1912ರಲ್ಲಿ ಕಾತೋಲಿಕೋಸರ ಪೀಠ ಸ್ಥಾಪನೆಗೆ ಶ್ರಮಿಸಿದವರೂ, 1919ರಲ್ಲಿ ರಾನ್ನಿ ಪೆರುನಾಡಿನಲ್ಲಿ ಬೆಥನಿ ಆಶ್ರಮವನ್ನು ಕಟ್ಟಿದವರೂ ಇವರೇ. ಮುಂದೆ ಮಾರ್ ಇವಾನಿಯೋಸ್ ಎಂಬ ಹೆಸರಿನಿಂದ ಬಿಷಪ್ಪರಾದ ಮೇಲೆ, 1928ರಲ್ಲಿ ತಮ್ಮ ಪಕ್ಷವೇ ಗೆದ್ದಿದ್ದರೂ, ಅವರು ರೋಮಿನೊಡನೆ ಪತ್ರವ್ಯವಹಾರವನ್ನು ಮುಂದುವರಿಸಿದರು. ಅಂತಿಯೋಕ್ಯದ ಪೂಜಾಕ್ರಮವನ್ನು ಬಿಡುವುದಿಲ್ಲ, ಬಿಷಪ್ಪರ ಅಧಿಕಾರ ಉಳಿಯಬೇಕು ಎಂಬುವು ಅವರ ಷರತ್ತುಗಳು. ರೋಮ್ ಒಪ್ಪಿತು. 1930ರ ಸೆಪ್ಟೆಂಬರ್ 20ರಂದು ಕೊಲ್ಲಂನಲ್ಲಿ ಅವರೂ ಮಾರ್ ತೆಯೋಫಿಲೋಸರೂ ಇನ್ನು ಮೂವರೂ ಪೇತ್ರನ ಪೀಠವನ್ನು ಅಂಗೀಕರಿಸಿದರು. 1932ರಲ್ಲಿ ತಿರುವನಂತಪುರವು ಅವರ ಮಹಾಪೀಠವಾಯಿತು. 1599ರಲ್ಲಿ ಮೆನೇಜೆಸನಿಗೆ ಅಸಾಧ್ಯವಾಗಿ ತೋರಿದ್ದು, ತೋಮನ ಮಾರ್ಗವನ್ನು ಹಿಡಿದೇ ಪೇತ್ರನಲ್ಲಿ ಕೂಡುವುದು, ಹೀಗೆ ಲಿಖಿತವಾದ ಒಪ್ಪಂದವಾಯಿತು. 1964ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಪೌರಸ್ತ್ಯ ಸಭೆಗಳು ಪಾಶ್ಚಾತ್ಯ ಸಭೆಗೆ ಸಮಾನ ಗೌರವವುಳ್ಳವು, ಅವು ತಮ್ಮ ಪ್ರಾಚೀನ ವಿಧಿಗಳನ್ನು ಉಳಿಸಿಕೊಳ್ಳತಕ್ಕದ್ದು ಎಂದು ಘೋಷಿಸಿತು.

ಮಾರ್ ಇವಾನಿಯೋಸರು 1953ರ ಜುಲೈ 15ರಂದು ತೀರಿಕೊಂಡರು. ಅವರ ಸಮಾಧಿಯು ತಿರುವನಂತಪುರದ ಪಟ್ಟಂ ಬಡಾವಣೆಯ ಸಂತ ಮರಿಯಮ್ಮನ ಮಹಾದೇವಾಲಯದಲ್ಲಿದೆ. ವರ್ಷವರ್ಷವೂ ಜುಲೈ ತಿಂಗಳ ಮಳೆಯಲ್ಲಿ ರಾನ್ನಿ ಪೆರುನಾಡಿನಿಂದ ಹೊರಟ ಯಾತ್ರಿಕರು ಹಲವು ದಿನ ನಡೆದು ಅಲ್ಲಿಗೆ ಬಂದು ಸೇರುತ್ತಾರೆ.