ಕೆನಡಾ ರೈಲುಮಾರ್ಗದ ಕಡೆಯ ಮೊಳೆ

ಚರಿತ್ರೆಯ ಆಧಾರಗಳಲ್ಲಿ ಛಾಯಾಚಿತ್ರಕ್ಕೆ ವಿಶೇಷವಾದ ಮನ್ನಣೆಯುಂಟು. ಶಾಸನವು ಬರೆಯಿಸಿದವನ ಇಚ್ಛೆಯನ್ನೂ ಕಾವ್ಯವು ಕವಿಯ ಕಲ್ಪನೆಯನ್ನೂ ಅನುಸರಿಸುವುವು. ಛಾಯಾಚಿತ್ರವಾದರೋ ಎದುರಿಗಿದ್ದುದನ್ನು ಇದ್ದಂತೆಯೇ ತೋರಿಸುವುದೆಂದು ಜನರ ನಂಬುಗೆ. ಈ ನಂಬುಗೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದಕ್ಕೆ ಕೆನಡಾ ದೇಶದ ರೈಲುಮಾರ್ಗದ ಚರಿತ್ರೆಯಲ್ಲಿ ತಕ್ಕ ನಿದರ್ಶನವೊಂದಿದೆ.

ಕ್ರಿ. ಶ. ೧೮೮೫ನೆಯ ನವೆಂಬರ್ ೭ನೆಯ ದಿನ ಬೆಳಗ್ಗೆ, ಬ್ರಿಟಿಷ್ ಕೊಲಂಬಿಯ ಪ್ರಾಂತದ ಬೆಟ್ಟಗಳ ನಡುವೆ ಕ್ರೆಗೆಲ್ಲಕಿ ಎಂಬಲ್ಲಿ, ಪೂರ್ವದಿಂದ ಬಂದ ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಕೂಡಿದುವು. ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕಂಪೆನಿಯ ನಿರ್ದೇಶಕರಲ್ಲೊಬ್ಬನಾದ ಡಾನಲ್ಡ್ ಸ್ಮಿತ್ತನು ಸುತ್ತಿಗೆಯನ್ನೆತ್ತಿ ಕಡೆಯ ಮೊಳೆಯನ್ನು ಹೊಡೆದನು. ಮೊದಲು ಹೊಡೆದ ಮೊಳೆ ಬಾಗಿಹೋದುದರಿಂದ ಅದನ್ನು ಕಿತ್ತು ಬೇರೊಂದನ್ನು ಇಡಬೇಕಾಯಿತು. ಅದು ಬಂಗಾರದ ಮೊಳೆಯಲ್ಲ. ಉಳಿದೆಲ್ಲ ಮೊಳೆಗಳಂತೆ ಕಬ್ಬಿಣದ್ದೇ. ಅಲೆಗ್ಸಾಂಡರ್ ರಾಸ್ ಎಂಬಾತನು ಆಗ ತೆಗೆದ ಚಿತ್ರವು ಕೆನಡಾದ ಅತ್ಯಂತ ಪ್ರಸಿದ್ಧವಾದ ಛಾಯಾಚಿತ್ರಗಳಲ್ಲೊಂದಾಗಿದೆ. ಬಾಗಿ ಮೊಳೆ ಹೊಡೆಯುತ್ತಿರುವ ಸ್ಮಿತ್ತನ ಹಿಂದೆ ಬಿಳಿಯ ಗಡ್ಡದ, ಎತ್ತರವಾದ ಟೋಪಿಯ ಸ್ಯಾಂಡ್‌ಫರ್ಡ್ ಫ್ಲೆಮಿಂಗನು ನಿಂತಿದ್ದಾನೆ. ಬಳಿಯಲ್ಲಿಯೇ, ಕೆಲಸವನ್ನೆಲ್ಲ ನಡೆಯಿಸಿದ ವಿಲಿಯಮ್ ವಾನ್ ಹಾರ್ನನು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡಿದ್ದಾನೆ. ದೊಡ್ಡವರ ನಡುವೆ ನುಸುಳಿಬಂದ ಹದಿಹರೆಯದ ಹುಡುಗನೊಬ್ಬನೂ ಇಣಿಕಿ ನೋಡುತ್ತಿದ್ದಾನೆ. ಹಿಂದೆ ಕೂಲಿಕಾರರ ಗುಂಪು. ಈ ಮಾರ್ಗದ ಅತಿ ಕಠಿನವಾದ ಭಾಗವನ್ನು ಕಡಿದು ಮಾಡಿದ ಚೀನೀಯರ ಮುಖ ಮಾತ್ರ ಇದರಲ್ಲಿ ಕಾಣಬರುವುದಿಲ್ಲ.

ಈ ಅಭಾವದ ಅರ್ಥವನ್ನು ತಿಳಿಯಬೇಕಾದರೆ ಮಾರ್ಗದ ಪೂರ್ವವೃತ್ತಾಂತವನ್ನು ಸಂಗ್ರಹವಾಗಿಯಾದರೂ ನೋಡಬೇಕು. ೧೮೬೭ರಲ್ಲಿ ಪೂರ್ವದ ನಾಲ್ಕು ಪ್ರಾಂತಗಳು ಸೇರಿ ಕೆನಡಾ ಒಕ್ಕೂಟವಾಯಿತು. ಪಶ್ಚಿಮ ಸಮುದ್ರದ ದಡದ ಬ್ರಿಟಿಷ್ ಕೊಲಂಬಿಯವು ೧೮೭೧ರಲ್ಲಿ ಅದನ್ನು ಸೇರಿದುದು ಒಂದು ವಾಗ್ದಾನದ ಮೇಲೆ: ಎರಡು ವರ್ಷಗಳೊಳಗೆ ರೈಲುಮಾರ್ಗದ ಕೆಲಸವನ್ನು ಆರಂಭಿಸಿ ಹತ್ತು ವರ್ಷಗಳೊಳಗೆ ಮುಗಿಸತಕ್ಕದ್ದೆಂದು. ವಾಗ್ದಾನವನ್ನು ಕೊಟ್ಟುದಷ್ಟು ಸುಲಭವಾಗಿ ನಡೆಯಿಸಲಾಗಲಿಲ್ಲ. ಮಾರ್ಗದ ಹಕ್ಕನ್ನು ಬಯಸಿದ ಹ್ಯೂ ಆಲನ್ ಎಂಬ ಧನಿಕನು ೧೮೭೨ರ ಚುನಾವಣೆಯಲ್ಲಿ ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡನ ಪಕ್ಷಕ್ಕೆ ಹೇರಳವಾಗಿ ಹಣವಿತ್ತ ಸಂಗತಿ ಬಯಲಾಗಿ, ೧೮೭೩ರ ನವೆಂಬರಿನಲ್ಲಿ ಪ್ರಧಾನಿಯೇ ಪದವಿಯನ್ನು ಬಿಡಬೇಕಾಯಿತು. ಐದು ವರ್ಷಗಳ ಮೇಲೆ ಆತನು ಮರಳಿ ಅಧಿಕಾರಕ್ಕೆ ಬಂದನು. ೧೮೮೧ರಲ್ಲಿ ಸ್ಥಾಪಿತವಾದ ಹೊಸ ಕಂಪೆನಿಗೆ ಸರ್ಕಾರವು ೨ ಕೋಟಿ ೫೦ ಲಕ್ಷ ಡಾಲರುಗಳನ್ನೂ, ಅಷ್ಟೇ ಸಂಖ್ಯೆಯ ಎಕರೆ ನೆಲವನ್ನೂ ಕೊಡಲು ಒಪ್ಪಿತು. ಇದಲ್ಲದೆ ಸರ್ಕಾರವು ತಾನೇ ಕಟ್ಟಿಸುತ್ತಿದ್ದ ಸುಮಾರು ೭೦೦ ಮೈಲಿಗಳ ಮಾರ್ಗವೂ ಕಂಪೆನಿಯ ಪಾಲಾಯಿತು.

ಹಾಗೆ ಸರ್ಕಾರವು ಕಟ್ಟಿಸಿದ ಭಾಗಗಳಲ್ಲಿ ಫ್ರೇಜರ್ ನದಿಯ ಕಮರಿಯೂ ಒಂದು. ಅದರ ಗುತ್ತಿಗೆಯನ್ನು ಹಿಡಿದವನು ಆಂಡ್ರೂ ಆಂಡರ್‌ಡಾಂಕ್. ನದಿ ಒಂದು ಕಡೆ, ನೆಟ್ಟಗೆ ನಿಂತ ಬಂಡೆ ಒಂದು ಕಡೆ. ಕಾಲಿಡಲು ಎಡೆಯಿಲ್ಲದ ಕಡೆಗಳಲ್ಲಿ ಬಂಡೆಯನ್ನು ಸಿಡಿಮದ್ದಿನಿಂದ ಒಡೆದು ಸುರಂಗಗಳನ್ನು ಕೊರೆಯಬೇಕಾಗಿತ್ತು. ಇದಕ್ಕೆ ಬೇಕಾದಷ್ಟು ಬಿಳಿಯ ಕೂಲಿಗಳು ದೊರೆಯದಿರಲು ಚೀನೀಯರನ್ನು ಕರೆಯಿಸಿದರು. ೧೮೮೦ರಿಂದ ೧೮೮೫ರವರೆಗೆ ಹೀಗೆ ಬಂದವರು ಸುಮಾರು ೧೫,೦೦೦ ಮಂದಿ. ಹೆಚ್ಚಿನವರು ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದವರು. ಇವರಿಗೆ ದಿನಕ್ಕೆ ಒಂದು ಡಾಲರು ಕೂಲಿ. ಬಿಳಿಯರಿಗೆ ಒಂದೂವರೆ ಡಾಲರು ಮತ್ತು ಅದಕ್ಕಿಂತ ಮೇಲೆ. ಆ ಒಂದು ಡಾಲರಿನಲ್ಲಿಯೇ ಅನ್ನವನ್ನೂ ಬಿಡಾರದ ವೆಚ್ಚವನ್ನೂ ನೋಡಿಕೊಳ್ಳಬೇಕು. ಬಂಡೆ ಉರುಳಿಯೂ, ಮದ್ದು ಸಿಡಿದೂ, ಚಳಿಗಾಲದಲ್ಲಿ ರಕ್ತಪಿತ್ತವ್ಯಾಧಿಯಿಂದಲೂ ಸತ್ತವರ ಸಂಖ್ಯೆ ಕಡಮೆಯೆಂದರೆ ೬೦೦ ಎಂದು ಸಾಮಾನ್ಯವಾಗಿ ಎಣಿಸುವರು. ಸತ್ತವರ ಲೆಕ್ಕವನ್ನು ಸರಿಯಾಗಿ ಇಡದಿದ್ದುದರಿಂದ ಇದು ಅಂದಾಜೇ ಹೊರತು ನಿಶ್ಚಯವಲ್ಲ. ಚೀನೀಯರನ್ನು ಕರೆಯಿಸಕೂಡದೆಂಬ ಕೂಗು ಎದ್ದಾಗ, ಈ ಕೂಲಿಗಳಿಲ್ಲದೆ ರೈಲುಮಾರ್ಗವೂ ಇಲ್ಲವೆಂಬ ಅಭಿಪ್ರಾಯವನ್ನು ಪ್ರಧಾನಿಯೇ ೧೮೮೨ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟನು.

ಮಾರ್ಗವು ಮುಗಿಯುವ ಕಾಲದಲ್ಲಿ ಕಂಪೆನಿಯ ಬೊಕ್ಕಸ ಬರಿದಾಗಿತ್ತು. ಆ ಸಮಯಕ್ಕೆ, ೧೮೮೫ರ ಮಾರ್ಚಿಯಲ್ಲಿ, ಲೂಯಿ ರಿಯೆಲನ ನಾಯಕತ್ವದಲ್ಲಿ ಮೆಟೀ ಜನರು ತಮ್ಮ ನೆಲದ ಹಕ್ಕಿಗಾಗಿ ಬಯಲುಸೀಮೆಯಲ್ಲಿ ದಂಗೆಯೆದ್ದರು. ೧೮೭೦ರಲ್ಲಿ ಪಶ್ಚಿಮಕ್ಕೆ ಹೊರಟ ಸೇನೆಗೆ ಸುಮಾರು ಮೂರು ತಿಂಗಳು ಹಿಡಿದಿತ್ತು. ಈ ಸಲ ಹಳಿಯಿಲ್ಲದ ಎಡೆಗಳಲ್ಲಿ ಹಿಮದ ಮೇಲೆ ನಡೆದೂ, ಮೊದಲ ದಂಡುಗಳು ಎರಡು ವಾರಗಳೊಳಗೆ ಬಯಲನ್ನು ಮುಟ್ಟಿದುವು. ದಂಗೆ ಮೇ ತಿಂಗಳಿನಲ್ಲಿ ಅಡಗಿತು. ರೈಲಿನ ಪ್ರಯೋಜನವನ್ನು ಕಣ್ಣಾರೆ ಕಂಡ ಪಾರ್ಲಿಮೆಂಟು ಜುಲೈಯಲ್ಲಿ ಕಂಪೆನಿಗೆ ಹಣದ ಸಹಾಯವನ್ನು ಮಂಜೂರು ಮಾಡಿತು. ಅದೇ ಜುಲೈಯಲ್ಲಿಯೇ ಮತ್ತೊಂದು ಕಾನೂನು ಹುಟ್ಟಿತು. ಇನ್ನುಮುಂದೆ ಕೆನಡಾಕ್ಕೆ ಬರುವ ಚೀನೀಯನು, ಕೆಲವು ವರ್ಗದವರ ಹೊರತು, ೫೦ ಡಾಲರು ತಲೆಗಂದಾಯ ತೆರತಕ್ಕದ್ದು ಎಂಬುದೇ ಅದು. ಕೆಲಸ ಮುಗಿಯುತ್ತ ಬಂದಿತ್ತು, ಕೆಲಸಗಾರನು ಬೇಡವಾದನು. ಕಡೆಯ ಮೊಳೆಯನ್ನು ಹೊಡೆದ ಒಂಬತ್ತನೆಯ ದಿನ ರಿಯೆಲನನ್ನು ಗಲ್ಲಿಗೇರಿಸಿದರು.

ಹಾಗಾದರೆ ಛಾಯಾಚಿತ್ರವು ಸುಳ್ಳೆನ್ನಬಹುದೆ? ಹಾಗೆನ್ನುವುದು ನ್ಯಾಯವಲ್ಲ. ಆಂಡರ್‌ಡಾಂಕನ ಹಳಿಗಳು ಸೆಪ್ಟೆಂಬರಿನ ಕೊನೆಗೇ ಕ್ರೆಗೆಲ್ಲಕಿಯನ್ನು ಮುಟ್ಟಿ, ಅವನ ಕೂಲಿಗಳಿಗೆ ಕೆಲಸ ತಪ್ಪಿತ್ತು. ನವೆಂಬರ್ ೭ರಂದು ಅಲ್ಲಿ ನೆರೆದಿದ್ದವರಲ್ಲಿ ಹೆಚ್ಚಿನವರು ಪೂರ್ವದಿಂದ ಹಳಿ ಹಾಸುತ್ತ ಬಂದವರು ಮತ್ತು ವಿಶೇಷ ರೈಲಿನಲ್ಲಿ ಬಂದ ಅಧಿಕಾರಿಗಳು. ಚೀನೀಯರನ್ನು ಚಿತ್ರದಿಂದ ಅಳಿಸಿದವನು ಛಾಯಾಚಿತ್ರಕಾರನಲ್ಲ. ಅವನು ಬರುವುದಕ್ಕೆ ಮುಂಚೆಯೇ ಆ ಕೆಲಸ ನಡೆದುಹೋಗಿತ್ತು. ಚಿತ್ರವು ಒಂದು ಕ್ಷಣವನ್ನು ಸತ್ಯವಾಗಿಯೇ ಹೇಳುತ್ತದೆ. ಆ ಕ್ಷಣವನ್ನು ಐದು ವರ್ಷಗಳ ಕಥೆಯೆಂದು ಓದುವವರಲ್ಲಿ ದೋಷವಿದೆ.

ಈ ಸಂದರ್ಭದಲ್ಲಿ ಫ್ಲೆಮಿಂಗನ ವಿಷಯವನ್ನೂ ಸ್ಮರಿಸಬೇಕು. ಊರೂರಿಗೂ ಬೇರೆಬೇರೆಯಾಗಿದ್ದ ಗಡಿಯಾರಗಳಿಂದ ರೈಲುಗಳಿಗಾಗುತ್ತಿದ್ದ ತೊಡಕನ್ನು ನೋಡಿ, ಲೋಕಕ್ಕೆಲ್ಲ ಒಂದು ಕ್ರಮವಾದ ಕಾಲಗಣನೆ ಬೇಕೆಂದು ವಾದಿಸಿದವರಲ್ಲಿ ಆತನು ಅಗ್ರಗಣ್ಯನು. ಉತ್ತರ ಅಮೆರಿಕದ ರೈಲ್ವೆಗಳು ೧೮೮೩ರ ನವೆಂಬರ್ ೧೮ರಂದು ಅಂತಹ ಕ್ರಮವನ್ನು ಅಂಗೀಕರಿಸಿದುವು. ಮರುವರ್ಷ ವಾಷಿಂಗ್‌ಟನ್ನಿನಲ್ಲಿ ಸೇರಿದ ರಾಷ್ಟ್ರಗಳ ಸಭೆಯಲ್ಲಿ ಆತನು ಪ್ರತಿನಿಧಿಯಾಗಿದ್ದನು. ಗಂಟೆ ನಿಮಿಷಗಳನ್ನು ಅಷ್ಟು ಕಟ್ಟುನಿಟ್ಟಾಗಿ ಎಣಿಸಲು ಕಲಿತ ಅದೇ ಮಾರ್ಗದವರು ಸುರಂಗದಲ್ಲಿ ಸತ್ತವರನ್ನು ಎಣಿಸಲಿಲ್ಲ.

ತಲೆಗಂದಾಯವು ೧೯೦೦ರಲ್ಲಿ ೧೦೦ ಡಾಲರಿಗೂ ೧೯೦೩ರಲ್ಲಿ ೫೦೦ ಡಾಲರಿಗೂ ಏರಿತು. ೧೯೨೩ರಲ್ಲಿ ಚೀನೀಯರ ಆಗಮನವನ್ನೇ ಹೆಚ್ಚುಕಡಮೆ ಪೂರ್ತಿಯಾಗಿ ನಿಷೇಧಿಸಿದರು. ಆ ನಿಷೇಧವು ೧೯೪೭ರವರೆಗೆ ಉಳಿಯಿತು. ಈ ಕಂದಾಯದಿಂದ ಸರ್ಕಾರಕ್ಕೆ ಬಂದ ಮೊತ್ತ ಸುಮಾರು ೨ ಕೋಟಿ ೩೦ ಲಕ್ಷ ಡಾಲರು. ಹಣದ ಬೆಲೆ ಕಾಲಕಾಲಕ್ಕೆ ಬದಲಾಗುವುದೆಂಬುದನ್ನು ಮರೆಯಲಾಗದು. ಆದರೂ ಕಂಪೆನಿಗೆ ಕೊಟ್ಟ ೨ ಕೋಟಿ ೫೦ ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡುವುದು ಅನುಚಿತವಾಗದು. ೨೦೦೬ರ ಜೂನ್ ೨೨ರಂದು ಕೆನಡಾದ ಪ್ರಧಾನಿಯು ಪಾರ್ಲಿಮೆಂಟಿನಲ್ಲಿ ಈ ಕಂದಾಯಕ್ಕಾಗಿ ಕ್ಷಮೆ ಬೇಡಿದನು.

ಕಂದಾಯವನ್ನು ವಸೂಲು ಮಾಡುವುದಕ್ಕಾಗಿ ಸರ್ಕಾರವು ದೊಡ್ಡ ದಫ್ತರಗಳನ್ನು ಇಟ್ಟಿತು. ಅವುಗಳಲ್ಲಿ ಬಂದವನ ಹೆಸರು, ವಯಸ್ಸು, ಹುಟ್ಟಿದ ಊರು, ಕಸಬು, ತೆತ್ತ ಹಣ, ಎಲ್ಲವೂ ಬರೆದಿದೆ. ಅವು ಇಂದಿಗೂ ಆ ದೇಶದ ದಾಖಲೆಗಳ ಭಂಡಾರದಲ್ಲಿ ಸುರಕ್ಷಿತವಾಗಿವೆ. ಕ್ರೆಗೆಲ್ಲಕಿಯ ಛಾಯಾಚಿತ್ರವನ್ನು ಓದತಕ್ಕವರು ಈ ದಫ್ತರಗಳನ್ನು ಅದರ ಮಗ್ಗುಲಲ್ಲಿಟ್ಟುಕೊಂಡೇ ಓದಬೇಕು. ಬಂಡೆಯ ಕೆಳಗೆ ಬಿದ್ದವನ ಹೆಸರನ್ನು ಬರೆಯಲು ದೊರೆಯದಿದ್ದ ಶಾಯಿ, ಹಡಗಿನಿಂದ ಇಳಿದವನ ಹೆಸರನ್ನು ಬರೆಯಲು ದೊರೆಯಿತು.