ಮಂಜರಾಬಾದಿನ ಕಲ್ಲುಗಳು ಮತ್ತು ಅವುಗಳ ಸಂಖ್ಯೆ

ಇಂದಿನ ಸಕಲೇಶಪುರ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರಿದ್ದ ಕಾಲದಲ್ಲಿ, ದೇವಸ್ಥಾನದ ಅಂಗಳದಲ್ಲೋ ಗದ್ದೆಯ ಬದುವಿನಲ್ಲೋ ನಿಂತಿದ್ದ ಶಾಸನವನ್ನು ಊರಿನವರು ದಿನವೂ ಕಾಣುತ್ತಿದ್ದರೂ, ಅದರ ಮಾತನ್ನು ದೂರದ ಮತ್ತೊಂದು ಕಲ್ಲಿನ ಮಾತಿನೊಡನೆ ಹೋಲಿಸಿ ಓದುವ ಅನುಕೂಲ ವಿದ್ವಾಂಸರಿಗೂ ಇರಲಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದ್ದು 1902ರಲ್ಲಿ ಪ್ರಕಟವಾದ, ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿ, 1885ರಲ್ಲಿ ಸ್ಥಾಪಿತವಾದ ಮೈಸೂರು ಪುರಾತತ್ವ ಇಲಾಖೆಯನ್ನು ಮುನ್ನಡೆಸಿದ ಬಿ. ಎಲ್. ರೈಸ್ ಅದರ ಸಂಪಾದಕರು.

ರೈಸ್ ಅವರ ವಿಧಾನದ ಸತ್ವ ಅದರ ಸರಳತೆಯಲ್ಲಿದೆ. ಪ್ರತಿ ತಾಲ್ಲೂಕಿನ ಶಾಸನಗಳಿಗೂ ಒಂದರಿಂದ ಆರಂಭಿಸಿ ಬೇರೆಬೇರೆಯಾಗಿ ಸಂಖ್ಯೆ ಕೊಟ್ಟು, ಪಾಠದ ತಲೆಯಲ್ಲಿ ಊರಿನ ಹೆಸರನ್ನೂ ಕಲ್ಲು ನಿಂತಿರುವ ಜಾಗವನ್ನೂ ನಮೂದಿಸಿ, ಮೂಲಪಾಠದ ಜೊತೆಗೆ ರೋಮನ್ ಲಿಪ್ಯಂತರವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟದ್ದರಿಂದ, ಸಂಪುಟ, ತಾಲ್ಲೂಕು, ಸಂಖ್ಯೆ ಎಂಬ ಮೂರು ಮಾತುಗಳಲ್ಲಿ ಯಾವ ಕಲ್ಲನ್ನಾದರೂ ಹೆಸರಿಸಬಹುದಾಯಿತು. ಮೈಸೂರಿನ ಸಂಶೋಧಕನೊಬ್ಬ ಬರೆದ ಅಡಿಟಿಪ್ಪಣಿ, ಅಂದರೆ ಪುಟದ ಕೆಳಗೆ ಕೊಡುವ ಆಧಾರ ಅಥವಾ ವಿವರಣೆ, ಧಾರವಾಡದ ಓದುಗನನ್ನು ಅದೇ ಕಲ್ಲಿಗೆ ಕರೆದೊಯ್ಯಬಲ್ಲದಾಯಿತು. ಒಬ್ಬರ ಓದನ್ನು ಇನ್ನೊಬ್ಬರು ತಿದ್ದುವುದೂ ಮುಂದುವರಿಸುವುದೂ ಇದರಿಂದಲೇ ಸಾಧ್ಯವಾಯಿತು. ಬರಹಗಳನ್ನು ಒಂದಕ್ಕೊಂದು ಕೊಂಡಿಹಾಕಿ ಆ ಜಾಡನ್ನು ಇತರರೊಡನೆ ಹಂಚಿಕೊಳ್ಳುವ ಯಂತ್ರವೊಂದನ್ನು ಅಮೆರಿಕದ ವ್ಯಾನೆವಾರ್ ಬುಷ್ 1945ರಲ್ಲಿ ಕಲ್ಪಿಸುವುದಕ್ಕೆ ನಾಲ್ಕು ದಶಕ ಮೊದಲೇ, ಕನ್ನಡ ನಾಡಿನ ಶಾಸನಾಧ್ಯಯನ ಕಾಗದದ ಮೇಲೆಯೇ ಅಂಥದೊಂದು ಜಾಲವನ್ನು ಹೆಣೆಯತೊಡಗಿತ್ತು ಎಂಬುದು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಒಂದು ಬರಹಕ್ಕೆ ಇನ್ನೊಂದನ್ನು ಜೋಡಿಸುವ ಈ ಪದ್ಧತಿ ಕಲ್ಲಿಗೂ ಅಪರಿಚಿತವಲ್ಲ. ಹಳೆಯ ದತ್ತಿಯ ಕೆಳಗೆ ತಮ್ಮ ದತ್ತಿಯನ್ನು ಕೆತ್ತಿಸಿ, ಮೊದಲಿನ ಶಾಸನಕ್ಕೆ ಹೊಸ ಪಾಠ ಸೇರಿಸಿದ ದಾನಿಗಳು ಕರ್ನಾಟಕದಲ್ಲಿ ಹಲವರಿದ್ದಾರೆ.

ಸಂಪುಟ ಅಚ್ಚಾದ ಮೇಲೂ ಹೊಸ ಶಾಸನಗಳು ಸಿಗುತ್ತಲೇ ಇದ್ದವು. ರೈಸ್ ಅವರ ನಂತರ ಆರ್. ನರಸಿಂಹಾಚಾರ್, ಆಮೇಲೆ ಎಂ. ಎಚ್. ಕೃಷ್ಣ ಅವರು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಇಂಥವನ್ನು ಪ್ರಕಟಿಸಿದರು. ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನಕ್ಕೆ ರೈಸ್ ಕೊಟ್ಟ ಸಂಖ್ಯೆಯಿಲ್ಲದೆ 1936ರ ವರದಿಯೇ ಆಧಾರವಾದದ್ದು ಈ ಕಾರಣದಿಂದ.

ಆದರೆ ಕೊಂಡಿ ಸಡಿಲವಾಗುವ ಸಂದರ್ಭಗಳೂ ಒದಗಿದವು. ಮಂಜರಾಬಾದ್ ಎಂಬ ತಾಲ್ಲೂಕಿನ ಹೆಸರೇ ಬಳಕೆಯಿಂದ ಮರೆಯಾಯಿತು. ಸಕಲೇಶಪುರ, ಆಲೂರುಗಳಂಥ ಕಾಫಿಸೀಮೆಯಲ್ಲಿ ಜಮೀನಿನ ಒಡೆತನವೂ ಬೆಳೆಯೂ ಬದಲಾದಂತೆ, ಇಂಥವರ ಹೊಲ, ಇಂಥ ಮರದ ಬುಡ ಎಂಬ ಬಗೆಯ ಗುರುತು ಹಿಡಿದು ಕಲ್ಲನ್ನು ಹುಡುಕುವುದು ಕಷ್ಟವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದಾಗ ಸಂಖ್ಯೆಗಳೂ ಬದಲಾದವು. ಆದ್ದರಿಂದ ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ತಿಳಿಸುವ ಪಟ್ಟಿ ಪಾಠದಷ್ಟೇ ಅಗತ್ಯ. ಅದಿಲ್ಲದಿದ್ದರೆ ಎಪ್ಪತ್ತು ವರ್ಷಗಳ ಅಡಿಟಿಪ್ಪಣಿಗಳು ತಾವು ಸೂಚಿಸಿದ ಕಲ್ಲನ್ನು ತಲುಪಲಾರವು. ಇಂದಿಗೂ ಎಚ್ಚರದ ಸಂಶೋಧಕರು ಎರಡೂ ಸಂಖ್ಯೆಗಳನ್ನು ಜೊತೆಯಾಗಿ ನಮೂದಿಸುತ್ತಾರೆ.