ಫಿಟ್ಸ್ ನಿಂತ ಮೇಲೆ: ಅಪಸ್ಮಾರದ ಮಾತ್ರೆ ಮತ್ತು ಮನಸ್ಸು

ರಾಮಕುಂಜದ ನೆರೆಯ ಕೊಯಿಲ, ಇನ್ನಷ್ಟು ಒಳಗಿನ ಕೊಕ್ಕಡ: ದಕ್ಷಿಣ ಕನ್ನಡದಲ್ಲಿ ಈ ಊರುಗಳ ಹೆಸರೆತ್ತಿದರೆ ಎಂಡೋಸಲ್ಫಾನ್ ನೆನಪಾಗುತ್ತದೆ. 1980ರ ದಶಕದಿಂದ 2000ದ ವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಈ ಕೀಟನಾಶಕವನ್ನು ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ತಡೆಯಿತು. ಪೀಡಿತರೆಂದು ಗುರುತಿಸಲಾದವರಲ್ಲಿ ಬುದ್ಧಿಮಾಂದ್ಯದ ಜೊತೆಗೆ ಫಿಟ್ಸ್ ಇರುವವರೂ ಇದ್ದಾರೆ. ಪರಿಹಾರಧನ, ಮಾಸಾಶನ, ಪಾಲನಾ ಕೇಂದ್ರಗಳ ಹೋರಾಟ ಸಾಕಷ್ಟು ದಾಖಲಾಗಿದೆ. ಇವರು ವರ್ಷಗಟ್ಟಲೆ ನುಂಗುವ ಮಾತ್ರೆ ಇವರ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

ವಿಷಕ್ಕೂ ಮದ್ದಿಗೂ ಇಲ್ಲಿ ಒಂದು ನಂಟಿದೆ. ಮಿದುಳಿನ ಉದ್ರೇಕವನ್ನು ತಗ್ಗಿಸುವ 'ಗಾಬಾ' ಎಂಬ ರಾಸಾಯನಿಕದ ಕೆಲಸಕ್ಕೆ ಎಂಡೋಸಲ್ಫಾನ್ ಅಡ್ಡ ನಿಲ್ಲುತ್ತದೆ. ಅದು ಮೈಗೆ ಹೆಚ್ಚಾಗಿ ಸೇರಿದರೆ ಸೆಳವು ಬರುವುದು ಇದರಿಂದಲೇ. ನಮ್ಮವರು ಗಾರ್ಡಿನಾಲ್ ಎಂದು ಕರೆಯುವ ಫಿನೋಬಾರ್ಬಿಟಾಲ್ ಅದೇ ಗಾಬಾದ ಬಲ ಹೆಚ್ಚಿಸುತ್ತದೆ. ಸೆಳವು ತಗ್ಗಿಸುವ ಆ ಬಲವೇ ಎಚ್ಚರ, ನೆನಪು, ಉತ್ಸಾಹಗಳನ್ನೂ ಮಂಕುಗೊಳಿಸಬಲ್ಲದು.

ಇದು ಹೊಸದಾಗಿ ಗೊತ್ತಾದ ಸಂಗತಿಯಲ್ಲ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅಪಸ್ಮಾರಕ್ಕೆ ಬ್ರೋಮೈಡ್ ಕೊಟ್ಟ ಅನುಭವ ಹೇಳಿಕೊಂಡಂದಿನಿಂದ ಅರ್ಧ ಶತಮಾನ ಅದೇ ಮುಖ್ಯ ಮದ್ದಾಗಿತ್ತು. ದೇಹದಲ್ಲಿರುವ ಬ್ರೋಮೈಡ್ ಅರ್ಧಕ್ಕಿಳಿಯಲು ಹನ್ನೆರಡು ದಿನಗಳಷ್ಟು ಹಿಡಿಯುತ್ತದೆ. ದಿನವೂ ಕೊಟ್ಟರೆ ಸಂಗ್ರಹವಾಗಿ ಜಡತೆ, ಗೊಂದಲ, ಕೊನೆಗೆ ಭ್ರಮೆ. ಹೀಗೆ ಕೆಟ್ಟ ಮನಸ್ಸನ್ನು ರೋಗದ ಲಕ್ಷಣವೆಂದೇ ತಿಳಿದು ಹುಚ್ಚಾಸ್ಪತ್ರೆಗೆ ಸೇರಿಸಿದ ಉದಾಹರಣೆಗಳಿವೆ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್, ರೋಗಿಗಳಿಗೆ ನಿದ್ದೆ ಬರಲೆಂದು ಕೊಟ್ಟ ಫಿನೋಬಾರ್ಬಿಟಾಲ್ ಸೆಳವನ್ನೂ ತಗ್ಗಿಸುವುದನ್ನು ಗಮನಿಸಿದರು. ನಿದ್ದೆಯ ಮದ್ದಾಗಿ ಬಂದದ್ದು ಹಗಲಲ್ಲೂ ತೂಕಡಿಸುವಂತೆ ಮಾಡಿದ್ದರಲ್ಲಿ ಸೋಜಿಗವಿಲ್ಲ.

ಹೆಚ್ಚು ದಿಗಿಲುಗೊಳಿಸಿದ್ದು 1950ರ ದಶಕದಲ್ಲಿ ವೈದ್ಯ ಹೈನ್ರಿಕ್ ಲಾಂಡೋಲ್ಟ್ ಬರೆದದ್ದು. ಕೆಲವು ರೋಗಿಗಳಲ್ಲಿ ಸೆಳವು ನಿಂತು, ಮಿದುಳಿನ ವಿದ್ಯುತ್ ಅಲೆಗಳನ್ನು ಗೀಚುವ ಇಇಜಿ ಸರಿಯಾದ ಹೊತ್ತಿಗೇ ಸಂಶಯ, ಭ್ರಮೆ, ಉದ್ವೇಗ ಕಾಣಿಸಿಕೊಂಡವು. ಕಾಗದದ ಮೇಲಿನ ಗೆರೆ ನೆಟ್ಟಗಾದರೂ ಮನೆಯವರ ಕಣ್ಣೆದುರಿಗಿದ್ದ ಮನುಷ್ಯ ಕೆಟ್ಟುಹೋಗಿದ್ದ. ಇದು ಅಪರೂಪವೇ. ಆದರೂ 'ಫಿಟ್ಸ್ ನಿಂತಿತೇ?' ಎಂಬ ಒಂದೇ ಪ್ರಶ್ನೆ ಸಾಲದು ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಕರ್ನಾಟಕದ ಚರಿತ್ರೆಯಲ್ಲಿ ಅಪಸ್ಮಾರದ ಮಾತ್ರೆ ಹಳ್ಳಿಗೆ ಬಂದ ದಾರಿಗಳಲ್ಲಿ ಮನೋವೈದ್ಯವೂ ಒಂದು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟಾಗ ಮಾನಸಿಕ ಕಾಯಿಲೆಗಳ ಜೊತೆಗೇ ಅಪಸ್ಮಾರವನ್ನೂ ಸೇರಿಸಿತ್ತು. ಚಾಮರಾಜನಗರದ ಯಳಂದೂರಿನಲ್ಲಿ ಕೆ.ಎಸ್. ಮಣಿ ಮತ್ತು ಸಂಗಡಿಗರು 64,963 ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿ, ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಎರಡು ಅಗ್ಗದ ಮದ್ದುಗಳಿಂದಲೇ ಹಳ್ಳಿಯಲ್ಲಿ ಸೆಳವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಅದು 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಬೆಂಗಳೂರು ಸುತ್ತಲಿನ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಮಂದಿಗೆ ಅಪಸ್ಮಾರ ಕಂಡಿತ್ತು. ಇಂಥ ಹಳ್ಳಿಗಳಿಗೆ ಅಗ್ಗದ ಮದ್ದನ್ನೇ ಆರಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮಾತ್ರೆಯೇ ಸಿಗದೆ ಬೆಂಕಿಗೋ ಕೆರೆಗೋ ಬೀಳುವವರ ಮುಂದೆ ಮಂಕುತನದ ಮಾತು ಎರಡನೆಯದು. ಆದರೆ ಎರಡನೆಯದೆಂದರೆ ಬಿಟ್ಟುಬಿಡುವುದೆಂದಲ್ಲ.

ಫಿನೋಬಾರ್ಬಿಟಾಲ್ ಬಗ್ಗೆ ಸಾಕ್ಷ್ಯ ಒಂದೇ ದಿಕ್ಕಿಗಿಲ್ಲ. ಜ್ವರದ ಸೆಳವಿದ್ದ ಅಮೆರಿಕದ ಮಕ್ಕಳ 1990ರ ಅಧ್ಯಯನದಲ್ಲಿ ಈ ಮದ್ದಿನ ಗುಂಪಿನ ಬುದ್ಧಿಸೂಚ್ಯಂಕ, ಎರಡು ವರ್ಷದ ಬಳಿಕ, ಉಳಿದವರಿಗಿಂತ ಸರಾಸರಿ 8.4 ಅಂಕ ಕಡಿಮೆಯಿತ್ತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫೆನಿಟಾಯಿನ್ ಪಡೆದ ಮಕ್ಕಳಿಗಿಂತ ಇದನ್ನು ಪಡೆದವರ ವರ್ತನೆ ಹೆಚ್ಚು ಕೆಟ್ಟದ್ದು ಕಾಣಲಿಲ್ಲ. ಎಲ್ಲ ಮಾತ್ರೆಗಳೂ ಮನಸ್ಸನ್ನು ಕೆಡಿಸುವುದೂ ಇಲ್ಲ: ವ್ಯಾಲ್ಪ್ರೊಯೇಟ್, ಕಾರ್ಬಮಜೆಪಿನ್, ಲಾಮೋಟ್ರಿಜಿನ್‌ಗಳನ್ನು ಮನಸ್ಸಿನ ಏರಿಳಿತದ ಕಾಯಿಲೆಗೇ ಕೊಡುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಈಗ ನಮ್ಮಲ್ಲೂ ಧಾರಾಳವಾಗಿ ಬರೆಯುವ ಲೆವೆಟಿರಾಸೆಟಮ್ ಮಾತ್ರ ಕೆಲವರಲ್ಲಿ ಸಿಡುಕು, ಕೋಪ, ಖಿನ್ನತೆ ತರುತ್ತದೆ.

2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 11 ಮದ್ದುಗಳ 199 ಪ್ರಯೋಗಗಳನ್ನು ಒಟ್ಟುಗೂಡಿಸಿ, ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಹುಸಿಮದ್ದು ಪಡೆದವರಲ್ಲಿ ಸಾವಿರಕ್ಕೆ 2.2, ಮದ್ದು ಪಡೆದವರಲ್ಲಿ 4.3 ಎಂದು ಎಚ್ಚರಿಸಿತು. ಎಲ್ಲ ಮದ್ದುಗಳನ್ನೂ ಒಂದೇ ತಕ್ಕಡಿಗೆ ಹಾಕಿದ್ದಕ್ಕೆ ತಜ್ಞರಿಂದ ಆಕ್ಷೇಪವೂ ಬಂತು. ಅಪಸ್ಮಾರವಿರುವವರಲ್ಲಿ ಖಿನ್ನತೆ ಮೊದಲೇ ಹೆಚ್ಚು. ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಸೆಳವು ಜೀವಕ್ಕೇ ಮುಳುವು.

ಮನಸ್ಸಿನ ಈ ತೊಂದರೆಗಳನ್ನು ಹೇಳಿಕೊಳ್ಳಲು ಅಡ್ಡಿಯಾದದ್ದು ನಾಚಿಕೆಯೊಂದೇ ಅಲ್ಲ, ಕಾನೂನೂ ಹೌದು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರ ಸೇರಿ ಮದುವೆಗೆ ಅಡ್ಡಿಯಾಯಿತು. ಅದನ್ನು ಕೈಬಿಟ್ಟದ್ದು 1999ರಲ್ಲಿ. ಫಿಟ್ಸನ್ನೇ ಮುಚ್ಚಿಡುವ ಮನೆ, ಮಗಳು ಸುಮ್ಮಸುಮ್ಮನೆ ಅಳುತ್ತಾಳೆ ಎಂಬುದನ್ನು ವೈದ್ಯರೆದುರು ಎತ್ತುವುದು ಹೇಗೆ?

ಕೊಯಿಲದಂಥ ಕಡೆ ಕಷ್ಟ ಇನ್ನೂ ದೊಡ್ಡದು. ಬುದ್ಧಿಮಾಂದ್ಯವಿರುವವರಲ್ಲಿ ಈ ಮಾತ್ರೆಗಳ ವರ್ತನೆಯ ಪರಿಣಾಮ ಹೆಚ್ಚು, ಹೇಳಿಕೊಳ್ಳುವ ಮಾತು ಕಡಿಮೆ. ಬೇಸರ ಅವರಲ್ಲಿ ಬೇಸರವಾಗಿ ಕಾಣುವುದಿಲ್ಲ: ಗಂಜಿಯ ಬಟ್ಟಲು ತಳ್ಳುತ್ತಾರೆ, ತಲೆಯನ್ನು ಗೋಡೆಗೆ ಬಡಿಯುತ್ತಾರೆ, ರಾತ್ರಿಯೆಲ್ಲ ಜಗಲಿಯಲ್ಲಿ ಎದ್ದು ಕೂರುತ್ತಾರೆ. 'ಅವನ ಸ್ವಭಾವವೇ ಹಾಗೆ' ಎಂದು ಅಮ್ಮ ಸುಮ್ಮನಾಗುತ್ತಾಳೆ. ಮಾತ್ರೆ ಬದಲಾದ ತಾರೀಕನ್ನೂ ಇಂಥ ವರ್ತನೆ ಶುರುವಾದ ತಾರೀಕನ್ನೂ ಪಾಲನಾ ಕೇಂದ್ರದ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟರೆ, ಪ್ರಮಾಣ ಇಳಿಸಬೇಕೋ, ನಿಧಾನವಾಗಿ ಬೇರೆ ಮದ್ದಿಗೆ ಹೊರಳಬೇಕೋ ಎಂಬುದನ್ನು ಪುತ್ತೂರಿನ ಅಥವಾ ಮಂಗಳೂರಿನ ವೈದ್ಯರು ಅದರಿಂದ ತೀರ್ಮಾನಿಸಬಲ್ಲರು.